ಹಾದಿಯ ಗೆರೆ ಎಳೆಯುವ ಮೊದಲು ಊರನ್ನು ಕೇಳಿ

ತುಮಕೂರು ಮಹಾನಗರ ಪಾಲಿಕೆಯ ಮಾನ್ಯ ಆಯುಕ್ತರಿಗೆ, ಇನ್ನು ಮುಂದೆ ಆರಿಸಿ ಬರುವ ಕಾರ್ಪೊರೇಟರ್‌ಗಳಿಗೆ, ಹಾಗೆಯೇ ಕ್ಯಾತ್ಸಂದ್ರದಿಂದ ಅಮಾನಿಕೆರೆ ತನಕ ಇರುವ ನನ್ನ ಊರಿನ ಎಲ್ಲರಿಗೂ,

ನಮಸ್ಕಾರ.

ತುಮಕೂರಿಗೆ ಒಂದು ಒಳ್ಳೆಯ ನಡಿಗೆ ಹಾದಿ ಬೇಕು. ಕಾಲ್ನಡಿಗೆಯವರು, ಸೈಕಲ್ ಹೊಡೆಯುವವರು, ಗಾಲಿಕುರ್ಚಿಯವರು, ಕೋಲು ಊರಿಕೊಂಡು ಬರುವ ಅಜ್ಜ ಅಜ್ಜಿಯರು, ಎಲ್ಲರೂ ಹೆದರದೆ ಹೋಗಿಬರುವಂಥದ್ದು. ಕಾರು, ಬೈಕು, ಆಟೊ ಅದರೊಳಗೆ ಬರಬಾರದು. ಈ ಮಾತು ಯಾರ ಹತ್ತಿರ ತೆಗೆದರೂ ಬರುವ ಉತ್ತರ ಒಂದೇ: "ಅಮಾನಿಕೆರೆ ಇದೆಯಲ್ಲ, ಅಲ್ಲೇ ಒಂದು ಟ್ರ್ಯಾಕ್ ಮಾಡಿಕೊಂಡರೆ ಆಯ್ತಲ್ವಾ?"

ಕೆರೆ ಹತ್ತಿರ ವಾಕಿಂಗ್ ಬೇಡ ಅಂತ ನಾನು ಹೇಳುತ್ತಿಲ್ಲ. ಗಾಜಿನ ಮನೆ ಕಡೆ ಹೋಗಿ ಕೆರೆಯ ಗಾಳಿ ಕುಡಿದು ಬರುವುದು ಯಾರಿಗೆ ಬೇಡ? ಆದರೆ ಎಸ್.ಎಸ್. ಪುರಂನಿಂದಲೋ ಬಟವಾಡಿಯಿಂದಲೋ ಅಲ್ಲಿಗೆ ವಾಕಿಂಗ್ ಬರುವವರು ಏನು ಮಾಡುತ್ತಾರೆ ನೋಡಿ. ಸ್ಕೂಟರ್ ತೆಗೆಯುತ್ತಾರೆ. ನಡೆಯುವುದಕ್ಕೆ ಅಂತ ಪೆಟ್ರೋಲ್ ಸುಟ್ಟು ಹೋಗಿ, ಗಾಡಿ ನಿಲ್ಲಿಸಲು ಜಾಗ ಹುಡುಕಿ, ಮುಕ್ಕಾಲು ಗಂಟೆ ಸುತ್ತಿ, ಮತ್ತೆ ಗಾಡಿ ಹತ್ತಿ ಮನೆಗೆ ವಾಪಸ್. ಗಾಡಿ ಇಲ್ಲದವರಿಗೆ ಆ ಟ್ರ್ಯಾಕ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಸುತ್ತು ಹೊಡೆಯುವ ಟ್ರ್ಯಾಕ್ ಕಾಲೇಜಿಗೂ ಹೋಗುವುದಿಲ್ಲ, ರೈಲ್ವೆ ಸ್ಟೇಷನ್ನಿಗೂ ಹೋಗುವುದಿಲ್ಲ, ಮಾರ್ಕೆಟ್ಟಿಗೂ ಹೋಗುವುದಿಲ್ಲ.

ಅದಕ್ಕೇ ನನ್ನ ಕೋರಿಕೆ ಬೇರೆ. ಹಾದಿ ಊರಿನ ಒಳಗಿಂದಲೇ ಹೋಗಲಿ. ಒಂದು ತುದಿ ಕ್ಯಾತ್ಸಂದ್ರ, ಇನ್ನೊಂದು ತುದಿ ಅಮಾನಿಕೆರೆ. ನಡುವೆ ಎಸ್‌ಐಟಿ (ಸಿದ್ಧಗಂಗಾ ಇಂಜಿನಿಯರಿಂಗ್ ಕಾಲೇಜು), ವಿಶ್ವವಿದ್ಯಾಲಯ, ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್, ಟೌನ್‌ಹಾಲ್ ಇವೆಲ್ಲ ಅದಕ್ಕೆ ತಾಗಲಿ ಅಥವಾ ಕೈಗೆಟಕುವಷ್ಟು ಹತ್ತಿರ ಇರಲಿ. ಆದರೆ ಅದು ಯಾವ ಬೀದಿಯಲ್ಲಿ ಹೋಗಬೇಕು, ಯಾವ ಮಗ್ಗುಲಲ್ಲಿ ಹೋಗಬೇಕು ಅನ್ನುವುದನ್ನು ಆಫೀಸಿನ ಮೇಜಿನ ಮೇಲೆ ತೀರ್ಮಾನ ಮಾಡಬೇಡಿ. ಟೆಂಡರ್‌ಗೆ ಮೊದಲು ಬೀದಿಗೆ ಬಂದು ಕೇಳಿ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ಇಂಥ ಹಾದಿಗಳು ಹೊಸದೇನಲ್ಲ. ಅಮೆರಿಕದಲ್ಲಿ ರೈಲು ಓಡುವುದು ನಿಂತುಹೋದ ಹಳೆಯ ಹಳಿಗಳ ಜಾಗವನ್ನು ನಡೆಯುವವರಿಗೆ, ಸೈಕಲ್‌ನವರಿಗೆ ಬಿಟ್ಟುಕೊಟ್ಟಿದ್ದಾರೆ. ಮಿಸೌರಿ ರಾಜ್ಯದ ಕೇಟಿ ಟ್ರೇಲ್ ಅಂತ ಒಂದಿದೆ. ಅದರ ಮೊದಲ ಭಾಗ ತೆರೆದಿದ್ದು 1990ರಲ್ಲಿ. ಈಗ ಸುಮಾರು 385 ಕಿಲೋಮೀಟರ್ ಉದ್ದ. ನದಿ ದಂಡೆಯ ಸಣ್ಣ ಸಣ್ಣ ಊರುಗಳನ್ನು ಪೋಣಿಸಿಕೊಂಡು ಹೋಗುತ್ತದೆ. ಅಲ್ಲೂ ತಕರಾರು ಇಲ್ಲದೆ ಆಗಲಿಲ್ಲ. ರೈಲು ನಿಂತ ಮೇಲೆ ಆ ಜಾಗ ನಮಗೆ ವಾಪಸ್ ಬರಬೇಕು ಅಂತ ಪಕ್ಕದ ಜಮೀನಿನವರು ಕೋರ್ಟಿಗೆ ಹೋದರು. ವರ್ಮಾಂಟ್ ರಾಜ್ಯದ ಅಂಥದ್ದೊಂದು ಕೇಸು ಅಮೆರಿಕದ ಸುಪ್ರೀಂ ಕೋರ್ಟ್ ತನಕ ಹೋಯಿತು. 1990ರಲ್ಲೇ ಅದರ ತೀರ್ಪು ಬಂತು, ಹಳಿಯ ಜಾಗವನ್ನು ಹಾದಿ ಮಾಡಲು ಬಿಡುವ ಕಾನೂನು ಉಳಿಯಿತು. ಆದರೂ ಅವರಿಗೆ ಒಂದು ಅನುಕೂಲ ಇತ್ತು. ಖಾಲಿ ಬಿದ್ದ ಉದ್ದನೆಯ ಜಾಗ ಇತ್ತು. ನಮ್ಮಲ್ಲಿ ಖಾಲಿ ಜಾಗ ಎಲ್ಲಿದೆ ಸ್ವಾಮಿ? ಊರಿನ ಮುಖ್ಯ ರಸ್ತೆಯಾದ ಬಿ.ಎಚ್. ರೋಡಿನ ಒಂದೊಂದು ಅಡಿಗೂ ಒಬ್ಬ ವಾರಸುದಾರ ಇದ್ದಾನೆ. ಎಳನೀರಿನವನು, ಪಂಕ್ಚರ್ ಹಾಕುವವನು, ಹೂವಿನವಳು, ಅಂಗಡಿ ಮುಂದೆ ಬೈಕ್ ನಿಲ್ಲಿಸಿದವನು, ಬಸ್ಸಿಗೆ ಕಾಯುವವರು. ಹಾಗಾಗಿ ನಮ್ಮೂರಿನಲ್ಲಿ ಹಾದಿಗೆ ಗೆರೆ ಎಳೆಯುವುದು ಅಂದರೆ ಯಾರನ್ನು ಎಷ್ಟು ಸರಿಸುತ್ತೀರಿ ಅಂತ ತೀರ್ಮಾನಿಸುವುದು. ಅವರನ್ನು ಕೇಳದೆ ಮಾಡಿದರೆ ಹಾದಿ ಮೂರು ತಿಂಗಳೂ ಉಳಿಯುವುದಿಲ್ಲ.

ಬೆಂಗಳೂರಿನವರು ಇದನ್ನು ಆಗಲೇ ನೋಡಿದ್ದಾರೆ. 2020ರಲ್ಲಿ ಔಟರ್ ರಿಂಗ್ ರೋಡಿನಲ್ಲಿ, ಸಿಲ್ಕ್ ಬೋರ್ಡಿನಿಂದ ಸುಮಾರು 17 ಕಿಲೋಮೀಟರ್ ಉದ್ದಕ್ಕೆ ಸೈಕಲ್ ಲೇನ್ ಮಾಡಿ ಕಂಬ ನೆಟ್ಟರು. ಐಡಿಯಾ ಒಳ್ಳೆಯದೇ. ಆದರೆ ಕಂಬಗಳಿಗೆ ಗಾಡಿಗಳು ಗುದ್ದಿದವು, ಲೇನಿನೊಳಗೆ ಬೈಕುಗಳು ನುಗ್ಗಿದವು, ಕೊನೆಗೆ ಸೈಕಲ್‌ನವರೇ ಅದನ್ನು ಬಿಟ್ಟರು. ದುಡ್ಡಿನ ಕೊರತೆಯಿಂದ ಅದು ಸೋತಿದ್ದಲ್ಲ. ದಿನವೂ ಬಳಸುವ ಜನ ಅದಕ್ಕೆ ಹುಟ್ಟಲಿಲ್ಲ, ಕಾಯುವವರೂ ಇರಲಿಲ್ಲ.

ಈಗ ನಮ್ಮೂರಿನಲ್ಲಿ ಯಾರು, ಯಾವ ಹೊತ್ತಿನಲ್ಲಿ ನಡೆಯುತ್ತಾರೆ ಅಂತ ನೋಡೋಣ. ಬೆಳಗಿನ ಜಾವ ಮೊದಲು ಬೀದಿಗೆ ಬೀಳುವವರು ವಾಕಿಂಗ್‌ನವರಲ್ಲ, ಬೆಂಗಳೂರು ರೈಲು ಹಿಡಿಯುವವರು. ಒಂದು ಕೈಯಲ್ಲಿ ಊಟದ ಬ್ಯಾಗು, ಇನ್ನೊಂದರಲ್ಲಿ ಮೊಬೈಲು. ಅವರದು ನಡಿಗೆಯಲ್ಲ, ಓಟ. ಫುಟ್‌ಪಾತ್ ಇದ್ದರೂ ರೋಡಿನ ಮೇಲೇ ಓಡುತ್ತಾರೆ, ಯಾಕೆಂದರೆ ಕತ್ತಲಲ್ಲಿ ಯಾವ ಚಪ್ಪಡಿ ಎದ್ದಿದೆ, ಯಾವುದು ಕುಸಿದಿದೆ ಗೊತ್ತಾಗುವುದಿಲ್ಲ. ಆಮೇಲೆ ಸ್ಪೋರ್ಟ್ಸ್ ಶೂ ಹಾಕಿದವರು. ಅವರ ಜೊತೆಗೇ ಹಾಲು, ಪೇಪರ್ ಹಾಕುವ ಹುಡುಗರು. ಇವತ್ತಿಗೂ ಸೈಕಲ್ ಬಿಡದವರು ಅವರೇ. ಎಂಟು ಗಂಟೆ ಆಯಿತು ಅಂದರೆ ಊರು ಪೂರ್ತಿ ವಿದ್ಯಾರ್ಥಿಗಳದ್ದು. ತುಮಕೂರು ಮೊದಲಿಂದಲೂ ಓದೋ ಮಕ್ಕಳ ಊರು ಅಲ್ವಾ. ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳಿಗೆ ಊಟ, ವಸತಿ, ಪಾಠ. ಎಸ್‌ಐಟಿ ಶುರುವಾಗಿದ್ದು 1963ರಲ್ಲಿ. ಪಿಯು ಕಾಲೇಜುಗಳಿಗೆ ಸುತ್ತಮುತ್ತಲ ಹಳ್ಳಿಗಳಿಂದ ಬಸ್ಸಿನಲ್ಲಿ ಇಳಿಯುವ ಹೆಣ್ಣುಮಕ್ಕಳ ಗುಂಪು ನೋಡಿದ್ದೀರಾ? ಬಸ್ ಸ್ಟ್ಯಾಂಡಿನಿಂದ ಕಾಲೇಜು ಗೇಟಿನ ತನಕ ಅವರು ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗುತ್ತಾರೆ. ಇಬ್ಬರು ಅಕ್ಕಪಕ್ಕ ಮಾತಾಡಿಕೊಂಡು ನಡೆಯುವಷ್ಟು ಜಾಗ ಇಲ್ಲ.

ಇವರಲ್ಲಿ ಯಾರೂ ಪಾಲಿಕೆಯ ಮೀಟಿಂಗಿಗೆ ಬರುವುದಿಲ್ಲ. ಬೆಳಗ್ಗೆ ಹನ್ನೊಂದಕ್ಕೆ ಮೀಟಿಂಗ್ ಇಟ್ಟರೆ ರೈಲಿನವರು ಬೆಂಗಳೂರಿನಲ್ಲಿರುತ್ತಾರೆ, ಮಕ್ಕಳು ಕ್ಲಾಸಿನಲ್ಲಿರುತ್ತಾರೆ, ಸೊಪ್ಪಿನವರು ವ್ಯಾಪಾರದಲ್ಲಿರುತ್ತಾರೆ. ಬರುವವರು ಯಾರು? ಬಿಡುವಿದ್ದವರು, ಗುತ್ತಿಗೆದಾರರು, ಫೋಟೊಗೆ ನಿಲ್ಲುವವರು, ಮತ್ತೆ ನನ್ನಂಥ ಪತ್ರ ಬರೆಯುವವರು. ಹಾಗಾಗಿ ದಯವಿಟ್ಟು ಜನ ಇರುವಲ್ಲಿಗೇ ಬನ್ನಿ. ಸ್ಟೇಷನ್ ಪ್ಲಾಟ್‌ಫಾರ್ಮಿನ ಬಾಗಿಲಲ್ಲಿ ಒಂದು ಮೇಜು ಹಾಕಿ, ಮೇಲೆ ನಕ್ಷೆ ಹರಡಿ, ಬೆಳಗಿನ ರೈಲಿಗೆ ಬರುವವರ ಕೈಗೆ ಒಂದು ಸ್ಕೆಚ್ ಪೆನ್ ಕೊಡಿ. "ನೀವು ಮನೆಯಿಂದ ಇಲ್ಲಿಗೆ ಯಾವ ಬೀದಿಯಲ್ಲಿ ಬಂದಿರಿ, ಗೆರೆ ಹಾಕಿ" ಅಂದರೆ ಸಾಕು. ಒಂದು ವಾರದಲ್ಲಿ ಹಾದಿ ಎಲ್ಲಿ ಬೇಕು ಅನ್ನುವುದು ನಕ್ಷೆಯ ಮೇಲೆ ತಾನಾಗಿಯೇ ಮೂಡುತ್ತದೆ. ಕಾಲೇಜು ಬಿಡುವ ಹೊತ್ತಿಗೆ ಅದೇ ಮೇಜು ಅಲ್ಲಿಗೆ ಹೋಗಲಿ. ಮಧ್ಯಾಹ್ನ ವ್ಯಾಪಾರ ಇಳಿದಾಗ ಮಾರ್ಕೆಟ್ಟಿಗೆ ಹೋಗಲಿ. ಇದಕ್ಕೆ ಕನ್ಸಲ್ಟೆಂಟೇ ಬೇಕು ಅಂತ ನನಗೇನೂ ಅನ್ನಿಸುವುದಿಲ್ಲ.

ನಕ್ಷೆ ಕನ್ನಡದಲ್ಲಿರಲಿ. ಸರ್ವೆ ನಂಬರ್, ಚೈನೇಜ್ ಅಂತ ಬರೆದರೆ ನಮಗೆ ತಲೆಬುಡ ಅರ್ಥವಾಗುವುದಿಲ್ಲ. ಭದ್ರಮ್ಮ ಸರ್ಕಲ್, ಶಿವಕುಮಾರ ಸ್ವಾಮೀಜಿ ಸರ್ಕಲ್, ಉಪ್ಪಾರಹಳ್ಳಿ ಫ್ಲೈಓವರ್ ಅಂತ ನಾವು ಕರೆಯುವ ಹೆಸರುಗಳನ್ನೇ ಹಾಕಿ.

ಇನ್ನು ಬೀದಿಯ ವಿಚಾರಕ್ಕೆ ಬರುತ್ತೇನೆ. ನನ್ನ ಕಣ್ಣಿಗೆ ಕಾಣುವುದು ಎರಡು ದಾರಿ. ಒಂದು, ಬಿ.ಎಚ್. ರೋಡಿನ ಒಂದು ಮಗ್ಗುಲು. ಇನ್ನೊಂದು, ಎಸ್.ಎಸ್. ಪುರಂ, ಸೋಮೇಶ್ವರಪುರಂ, ಅಶೋಕನಗರದ ಒಳಬೀದಿಗಳು.

ಬಿ.ಎಚ್. ರೋಡಿನ ವಾದ ಸರಳ. ಜನ ಹೋಗಬೇಕಾದದ್ದೆಲ್ಲ ಅಲ್ಲೇ ಇದೆ. ರಾತ್ರಿ ಎಂಟಾದರೂ ಬೆಳಕಿರುತ್ತದೆ, ಅಂಗಡಿ ತೆರೆದಿರುತ್ತದೆ. ಹೆಣ್ಣುಮಗಳೊಬ್ಬಳು ಒಬ್ಬಳೇ ಸೈಕಲ್‌ನಲ್ಲಿ ಬಂದರೆ ನೋಡುವ ನಾಲ್ಕು ಕಣ್ಣಿರುತ್ತವೆ. ಅಡ್ಡಿ ಅಂದರೆ ಪಾರ್ಕಿಂಗ್ ಮತ್ತು ಅಂಗಡಿಯವರ ಭಯ. "ಮುಂದೆ ಗಾಡಿ ನಿಲ್ಲೋಕೆ ಜಾಗ ಇಲ್ಲದಿದ್ದರೆ ಗಿರಾಕಿ ಬರಲ್ಲ" ಅನ್ನುತ್ತಾರೆ. ಆ ಭಯವನ್ನು ಸುಮ್ನೆ ತಳ್ಳಿಹಾಕಬೇಡಿ, ಅವರ ಹೊಟ್ಟೆಪಾಡು ಅದು. ಆದರೆ ಸುಮ್ನೆ ನಂಬಲೂ ಬೇಡಿ. ಬೆಳಗ್ಗೆ ಅಂಗಡಿ ಬಾಗಿಲು ಎತ್ತುವಾಗ ಮುಂದೆ ನಿಂತ ಗಾಡಿಗಳ ನಂಬರ್ ಬರೆದುಕೊಳ್ಳಿ. ಮಧ್ಯಾಹ್ನ ಮತ್ತೆ ಬಂದು ನೋಡಿ. ಅದೇ ಗಾಡಿಗಳು ಅಲ್ಲೇ ಇದ್ದರೆ ಅವು ಗಿರಾಕಿಗಳವಲ್ಲ, ಮಾಲೀಕರದ್ದು ಮತ್ತು ಕೆಲಸದ ಹುಡುಗರದ್ದು. ಇದನ್ನು ಅಂಗಡಿಯವರ ಜೊತೆಗೇ ಎಣಿಸಿ. ಆಗ ಜಗಳ ಅರ್ಧ ಇಳಿಯುತ್ತದೆ. ಗಾಡಿಗಳಿಗೆ ಹಿಂದಿನ ಬೀದಿಯಲ್ಲಿ ಜಾಗ ಕೊಟ್ಟರೆ ಇನ್ನರ್ಧವೂ ಇಳಿಯಬಹುದು.

ಅಗಲದ ಮಾತು. ನಮ್ಮ ದೇಶದ ರಸ್ತೆ ನಿಯಮಗಳ ಪ್ರಕಾರ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಖಾಲಿ ಜಾಗ ಬಿಡಬೇಕು. ಗಾಲಿಕುರ್ಚಿಗಳೆರಡು ಎದುರುಬದುರಾದರೂ ದಾಟುವಷ್ಟು. ಸೈಕಲ್ ಮತ್ತು ನಡಿಗೆ ಒಂದೇ ಹಾದಿಯಲ್ಲಿ ಆಗಬೇಕಾದರೆ ಹೊರದೇಶಗಳಲ್ಲಿ 3 ಮೀಟರ್ ಇಟ್ಟುಕೊಳ್ಳುತ್ತಾರೆ. ಬಿ.ಎಚ್. ರೋಡಿನಲ್ಲಿ ಎಲ್ಲ ಕಡೆ 3 ಮೀಟರ್ ಸಿಗಲಿಕ್ಕಿಲ್ಲ. ಸಿಗದ ಕಡೆ ಸೈಕಲ್‌ನವರನ್ನು ಒಳಬೀದಿಗೆ ತಿರುಗಿಸಿ, ನಡೆಯುವವರನ್ನು ಮಾತ್ರ ಮುಖ್ಯ ರಸ್ತೆಯಲ್ಲಿ ಬಿಡಿ. ಎಲ್ಲರನ್ನೂ ಇಕ್ಕಟ್ಟಿನಲ್ಲಿ ತುರುಕಿ "ಮಲ್ಟಿ ಯೂಸ್" ಅಂತ ಬೋರ್ಡ್ ಹಾಕಿದರೆ ಸೈಕಲ್ ಹುಡುಗ ಅಜ್ಜನಿಗೆ ಗುದ್ದುತ್ತಾನೆ. ಆಮೇಲೆ ಅಜ್ಜ ಮನೆ ಬಿಟ್ಟು ಹೊರಗೆ ಬರುವುದಿಲ್ಲ.

ಬೈಕುಗಳು ಹತ್ತದಂತೆ ಕಂಬ ನೆಡುವ ವಿಚಾರ ಇಲ್ಲಿ ಹೇಳಲೇಬೇಕು. ಇದು ಎಲ್ಲ ಕಡೆ ಆಗುವ ಎಡವಟ್ಟು. ಗಾಲಿಕುರ್ಚಿ ಸಲೀಸಾಗಿ ದಾಟಲು ಎರಡು ಕಂಬಗಳ ನಡುವೆ ಕಡಿಮೆ ಅಂದರೂ 90 ಸೆಂಟಿಮೀಟರ್ ಬೇಕು. ಆಕ್ಟಿವಾ ಗಾಡಿಯ ಅಗಲವೇ 70 ಸೆಂಟಿಮೀಟರ್. ಅಂದರೆ ಗಾಲಿಕುರ್ಚಿ ಹೋಗುವ ಸಂದಿನಲ್ಲಿ ಸ್ಕೂಟರ್ ಆರಾಮಾಗಿ ಹೋಗುತ್ತದೆ. ಸ್ಕೂಟರ್ ತಡೆಯಲು ಸಂದು ಚಿಕ್ಕದು ಮಾಡಿದರೆ ಗಾಲಿಕುರ್ಚಿಯವರು ಹೊರಗೆ ಉಳಿಯುತ್ತಾರೆ. ಹೆಚ್ಚಿನ ಕಡೆ ಆಗಿರುವುದು ಇದೇ, ಸ್ಕೂಟರ್ ಹೇಗೋ ಬೇರೆ ಕಡೆಯಿಂದ ಹತ್ತುತ್ತದೆ. ಹಾಗಾಗಿ ಕಂಬದ ಮೇಲೆ ಭಾರ ಹಾಕಬೇಡಿ. ಮೊದಲ ಆರು ತಿಂಗಳು ಕಾಲೇಜು ಹೊತ್ತಿನಲ್ಲಿ ಟ್ರಾಫಿಕ್ ಪೊಲೀಸರು ನಿಂತು ದಂಡ ಹಾಕಲಿ. ಆಮೇಲೆ ಹಾದಿ ತುಂಬ ಜನ ಇದ್ದರೆ ಸ್ಕೂಟರ್ ತಾನಾಗಿ ಬರುವುದಿಲ್ಲ, ಬಂದವನಿಗೆ ಬೈಯಲು ಜನ ಇರುತ್ತಾರೆ.

ಒಳಬೀದಿಗಳಿಗೆ ಬಂದರೆ ಅಲ್ಲಿಯ ಕಥೆ ಬೇರೆ. ಮರದ ನೆರಳಿದೆ, ಬಸ್ಸಿಲ್ಲ, ಲಾರಿಯಿಲ್ಲ. ಸೈಕಲ್‌ಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಆದರೆ ಮನೆಯವರು ಒಪ್ಪುತ್ತಾರಾ? ಗೇಟಿನ ಮುಂದೆ ಇಳಿಜಾರು ಹಾಕಿಕೊಂಡು ಅರ್ಧ ಬೀದಿ ತಿಂದಿದ್ದೇವೆ. ಕಾರು ಹೊರಗೇ ನಿಲ್ಲುತ್ತದೆ. ಇದೇ ಸಾಲಿನಲ್ಲಿ ನಮ್ಮ ಮನೆಯೂ ಇದೆ, ಮುಚ್ಚಿಡುವಂಥದ್ದೇನಿಲ್ಲ. ಹಾದಿ ಬಂದರೆ ನಾವು ಇಳಿಜಾರು ಒಡೆಯಬೇಕು, ಕಾರು ಒಳಗೆ ಹಾಕಬೇಕು. "ಊರಿನವರೆಲ್ಲ ನಮ್ಮ ಮನೆ ಮುಂದೆ ಓಡಾಡ್ತಾರೆ, ಕಳ್ಳರು ಬರ್ತಾರೆ" ಅಂತ ನೆರೆಯವರೊಬ್ಬರು ಆಗಲೇ ಹೇಳಿದರು. ಜನ ಓಡಾಡುವ ಬೀದಿಯಲ್ಲಿ ಕಳ್ಳರಿಗೆ ಕಷ್ಟವೇ ಹೊರತು ಅನುಕೂಲ ಅಲ್ಲ ಅನ್ನುವುದು ನನ್ನ ಲೆಕ್ಕ. ಆದರೂ ಅವರ ಮಾತು ಸಭೆಯಲ್ಲಿ ಬರಲಿ. ಬರದೆ ಹೋದರೆ ಆಮೇಲೆ ಅದು ತಡೆಯಾಜ್ಞೆಯಾಗಿ ಬರುತ್ತದೆ.

ಒಳಬೀದಿಯ ನಿಜವಾದ ತೊಂದರೆ ಎರಡು. ಬೀದಿನಾಯಿ ಮತ್ತು ಕತ್ತಲು. ನಾಯಿಗಳು ಸೈಕಲ್ ಕಂಡರೆ ಅಟ್ಟಿಸಿಕೊಂಡು ಬರುತ್ತವೆ. ಹೆಣ್ಣುಮಕ್ಕಳು ಸಂಜೆ ಆರರ ಮೇಲೆ ಯಾವ ಬೀದಿ ಬಿಟ್ಟು ಯಾವ ಬೀದಿಯಲ್ಲಿ ಬರುತ್ತಾರೆ ಅಂತ ಅವರನ್ನೇ ಕೇಳಿ. ಅವರ ಹತ್ತಿರ ಪೂರ್ತಿ ನಕ್ಷೆ ಇದೆ, ತಲೆಯೊಳಗೆ. ಯಾವ ತಿರುವಿನಲ್ಲಿ ದೀಪ ಇಲ್ಲ, ಯಾವ ಖಾಲಿ ಸೈಟಿನ ಹತ್ತಿರ ಕುಡಿಯುವವರು ಕೂರುತ್ತಾರೆ, ಯಾವ ಅಂಗಡಿಯಣ್ಣ ಒಳ್ಳೆಯವನು, ಎಲ್ಲ. ಈ ಸಭೆ ಹೆಂಗಸರಿಗೆ ಮಾತ್ರ ಇಟ್ಟರೆ ಇನ್ನೂ ಒಳ್ಳೆಯದು. ಗಂಡಸರ ಮುಂದೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಬೀದಿ ವ್ಯಾಪಾರಿಗಳ ಬಗ್ಗೆ ಕಾನೂನೇ ಇದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಬೀದಿ ವ್ಯಾಪಾರ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಹಾದಿಯ ಗೆರೆ ಆ ಸಮಿತಿಯ ಮುಂದೆ ಬರಲೇಬೇಕು. ಸಾಮಾನ್ಯವಾಗಿ ಇಂಥ ಕೆಲಸ ಶುರುವಾದ ದಿನವೇ ತಳ್ಳುಗಾಡಿ ಎತ್ತಿಸುತ್ತಾರೆ. ಚೆನ್ನಾಗಿ ಕಾಣಬೇಕು ಅಂತ. ನಾನು ಉಲ್ಟಾ ಹೇಳುತ್ತೇನೆ. ಹಾದಿಯ ಪಕ್ಕ ಎಳನೀರು, ಸೌತೆಕಾಯಿ, ಕಾಫಿ, ಹೂವು ಮಾರುವವರು ಇದ್ದರೆ ಹಾದಿ ಬದುಕುತ್ತದೆ. ಬೆಳಗ್ಗೆ ಐದಕ್ಕೆ ಅಲ್ಲಿ ಯಾರಾದರೂ ಎಚ್ಚರ ಇರುತ್ತಾರೆ ಅಂದರೆ ಅದು ಕಾಫಿಯವನು. ಕಸ ಬಿದ್ದರೆ ಮೊದಲು ಬೈಯುವವಳು ಹೂವಿನವಳು. ಅವರಿಗೆ ಹಾದಿಯ ಹೊರಮಗ್ಗುಲಲ್ಲಿ ಗುರುತು ಹಾಕಿ ಜಾಗ ಕೊಡಿ, ನಡೆಯುವ ಅಗಲಕ್ಕೆ ಬರದ ಹಾಗೆ ನೋಡಿಕೊಳ್ಳಿ, ಅಷ್ಟೇ.

ಇನ್ನು ಕ್ಯಾತ್ಸಂದ್ರದ ತುದಿ. ಅಲ್ಲಿಂದ ಬಟವಾಡಿ ಕಡೆಗೆ ಬರುವಾಗ ಹೆದ್ದಾರಿಯ ಗದ್ದಲ. ಇಡೀ ಹಾದಿಯಲ್ಲಿ ಕಷ್ಟದ ತುಂಡು ಅಂದರೆ ಇದೇ. ಇಲ್ಲಿ ದುಡ್ಡು ಉಳಿಸಬೇಡಿ. ಹೆದ್ದಾರಿ ಪಕ್ಕ ಬರೀ ಬಿಳಿ ಗೆರೆ ಎಳೆದು ಸೈಕಲ್ ಹಾದಿ ಅಂದರೆ ಅದು ಮಕ್ಕಳನ್ನು ಲಾರಿಯ ಬಾಯಿಗೆ ಕೊಟ್ಟ ಹಾಗೆ. ನಡುವೆ ಗಟ್ಟಿ ತಡೆ ಬೇಕು, ದಾಟುವಲ್ಲಿ ಸಿಗ್ನಲ್ ಬೇಕು. ಮೇಲ್ಸೇತುವೆ ಅಂತ ಮಾತ್ರ ಹೇಳಬೇಡಿ. ಮಂಡಿ ನೋವಿರುವವರು ಅಷ್ಟು ಮೆಟ್ಟಿಲು ಹತ್ತುವುದಿಲ್ಲ, ಕೆಳಗೇ ಓಡಿ ದಾಟುತ್ತಾರೆ. ಹೆದ್ದಾರಿ ಪಾಲಿಕೆಯ ಕೈಯಲ್ಲಿಲ್ಲ, ಹೆದ್ದಾರಿ ಪ್ರಾಧಿಕಾರದ ಒಪ್ಪಿಗೆ ಬೇಕು ಅನ್ನುವುದು ನಮಗೂ ಗೊತ್ತು. ಅದಕ್ಕೇ ಆ ಕಾಗದ ಮೊದಲು ಓಡಲಿ.

ಕ್ಯಾತ್ಸಂದ್ರದ ಹತ್ತಿರದ ಸಿದ್ಧಗಂಗಾ ಮಠದ ದಿನಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜಾತ್ರೆಯ ಹೊತ್ತಿನಲ್ಲಿ ದನಗಳ ಪರಿಷೆ ಸೇರುತ್ತದೆ, ಜೋಡೆತ್ತು ಹಿಡಿದುಕೊಂಡು ರೈತರು ಬರುತ್ತಾರೆ. ಜನವರಿ 21ರಂದು, 2019ರಲ್ಲಿ ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾದ ದಿನ, ಎಲ್ಲ ಕಡೆಯಿಂದ ಜನ ಬರುತ್ತಾರೆ. ಏಪ್ರಿಲ್ 1ಕ್ಕೆ ಅವರ ಜಯಂತಿ. ಆ ದಿನಗಳಲ್ಲಿ ಹಾದಿಯೇ ಊರಿನ ಮುಖ್ಯ ದಾರಿ ಆಗುತ್ತದೆ. ನಯವಾದ ಟೈಲ್ಸ್ ಹಾಕಿದರೆ ಎತ್ತಿನ ಗೊರಸೂ ಜಾರುತ್ತದೆ, ಮಳೆಯಲ್ಲಿ ನಮ್ಮ ಕಾಲೂ ಜಾರುತ್ತದೆ. ಒರಟು ಮೈ ಇರುವ ಕಾಂಕ್ರೀಟ್ ಸಾಕು. ಹೊಳೆಯುವ ಕೆಂಪು, ಹಳದಿ ಟೈಲ್ಸಿನ ಮೇಲೆ ಈ ಊರಿಗೆ ಯಾಕೆ ಇಷ್ಟು ಪ್ರೀತಿಯೋ ನನಗಂತೂ ಗೊತ್ತಿಲ್ಲ. ಮರದ ಬೇರು ಒಂದೇ ವರ್ಷದಲ್ಲಿ ಅದನ್ನು ಎತ್ತಿ ಹಾಕುತ್ತದೆ. ಆಮೇಲೆ ಟೈಲ್ಸ್ ಉಳಿಸಲು ಮರವನ್ನೇ ಕಡಿಯುತ್ತಾರೆ. ಮರದ ಸುತ್ತ ಮಣ್ಣು ಬಿಡಿ. ಹಾದಿ ಸ್ವಲ್ಪ ಸೊಟ್ಟ ಹೋದರೆ ಹೋಗಲಿ.

ಕ್ಯಾತ್ಸಂದ್ರದಲ್ಲಿ ಹಾದಿ ನಿಂತರೆ ಬೆಳಗಿನ ಸೈಕಲ್‌ನವರಿಗೆ ತಟ್ಟೆ ಇಡ್ಲಿ ಸಿಗುತ್ತದೆ, ಅದಕ್ಕಿಂತ ಒಳ್ಳೆಯ ಕೊನೆ ಬೇಕಿಲ್ಲ. ಅಲ್ಲಿಂದ ಮುಂದಕ್ಕೆ ನಾಮದ ಚಿಲುಮೆ, ದೇವರಾಯನದುರ್ಗದ ತನಕ ಎಳೆಯೋಣ ಅಂತ ಕೆಲವರು ಹೇಳುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಅದು ಕಾಡು. ಚಿರತೆ, ಕರಡಿ ಓಡಾಡುವ ಜಾಗದಲ್ಲಿ ದೀಪದ ಕಂಬ, ಬೆಂಚು, ಚಿಪ್ಸ್ ಪೊಟ್ಟಣ ಬೇಡ. ಹೋಗುವವರು ಈಗ ಹೋಗುವ ಹಾಗೆಯೇ ಹೋಗಲಿ.

ಅಮಾನಿಕೆರೆಯ ತುದಿಯಲ್ಲೂ ಕೈ ಸ್ವಲ್ಪ ಹಿಡಿತದಲ್ಲಿರಲಿ. ಕೆರೆ ಏರಿಯ ಮೇಲೆ ಒಂದು ಮಗ್ಗುಲು ನಡೆಯಲು ಬಿಟ್ಟರೆ ಸಾಕು. ನೀರಿನ ಅಂಚಿನಲ್ಲೇ ಸುತ್ತಲೂ ಕಾಂಕ್ರೀಟ್ ಬೇಡ. ನೀರು ಮತ್ತು ನೆಲ ಸೇರುವಲ್ಲಿ ಜೊಂಡು ಬೆಳೆಯಬೇಕು, ಹಕ್ಕಿಗಳು ಅಲ್ಲೇ ಗೂಡು ಕಟ್ಟುತ್ತವೆ. ಹಾದಿ ಕೆರೆಯ ಕೋಡಿಯನ್ನು ಮುಚ್ಚಬಾರದು, ತೂಬಿನ ಮೇಲೆ ಕೂರಬಾರದು. ರಾಜಕಾಲುವೆಯ ಮೇಲೆ ಚಪ್ಪಡಿ ಹಾಸಿ ಅದನ್ನೇ ಹಾದಿ ಮಾಡುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಅಲ್ಲೇ ನಿಲ್ಲಿಸಿ. ಒಳಗೆ ಹೂಳು ತುಂಬಿದರೆ ತೆಗೆಯಲು ದಾರಿ ಇರುವುದಿಲ್ಲ, ಮಳೆ ಬಂದರೆ ನೀರು ಮನೆಗಳಿಗೆ ನುಗ್ಗುತ್ತದೆ. ಕಾಲುವೆ ತೆರೆದಿರಲಿ, ಪಕ್ಕದಲ್ಲಿ ಹಾದಿ ಇರಲಿ. ಬೆಂಗಳೂರಿನ ಕೆ-100 ರಾಜಕಾಲುವೆಯಲ್ಲಿ ಹಾಗೇ ಮಾಡಿದ್ದಾರೆ, ನೋಡಿಕೊಂಡು ಬರಬಹುದು. ಕೆರೆಗಳಿಗೆಂದೇ 2014ರ ಕೆರೆ ಸಂರಕ್ಷಣೆ ಕಾಯ್ದೆಯೂ ಇದೆ. ಕೆರೆಯಂಗಳದಲ್ಲಿ ಏನೇ ಕಟ್ಟುವ ಮೊದಲು ಅದನ್ನು ಒಮ್ಮೆ ತೆರೆದು ಓದಿ.

ಈಗ ಕೇಳುವ ಕ್ರಮದ ಮಾತು. ಸಂವಿಧಾನದ 74ನೇ ತಿದ್ದುಪಡಿಯಂತೆ 3 ಲಕ್ಷ ಮತ್ತು ಅದಕ್ಕಿಂತ ಜಾಸ್ತಿ ಜನ ಇರುವ ಊರುಗಳಲ್ಲಿ ವಾರ್ಡ್ ಸಮಿತಿಗಳು ಇರಬೇಕು. 2011ರ ಜನಗಣತಿಯಲ್ಲಿ ತುಮಕೂರು ನಗರದ ಜನಸಂಖ್ಯೆ 3,02,143. ಅಂದರೆ ಆ ಗೆರೆಯನ್ನು ನಾವು ಆಗಲೇ ದಾಟಿದ್ದೇವೆ, ಆಮೇಲೆ ಊರು ಇನ್ನೂ ಬೆಳೆದಿದೆ. 35 ವಾರ್ಡುಗಳಲ್ಲಿ ಹಾದಿ ಹಾಯುವ ವಾರ್ಡುಗಳ ಸಮಿತಿಗಳಾದರೂ ಕೂತು ಇದನ್ನು ಮಾತಾಡಲಿ. ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ "ಆಕ್ಷೇಪಣೆ ಇದ್ದಲ್ಲಿ ಸಲ್ಲಿಸತಕ್ಕದ್ದು" ಅಂತ ಹಾಕಿ ಕೈ ತೊಳೆದುಕೊಳ್ಳುವುದು ಕೇಳಿದ ಹಾಗಲ್ಲ.

ಎಲ್ಲಕ್ಕಿಂತ ಮುಖ್ಯವಾದ ಕೋರಿಕೆ ಇದು. ಟೆಂಡರ್ ಕರೆಯುವ ಮೊದಲು ಹಾದಿಯನ್ನು ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಬರೆಯಿರಿ. ಕ್ರಿಕೆಟ್ ಮೈದಾನದಲ್ಲಿ ಹಾಕುತ್ತಾರಲ್ಲ, ಹಾಗೆ. ಒಂದು ತಿಂಗಳು ಹಾಗೇ ಬಿಡಿ, ಅಳಿಸಿದರೆ ಮತ್ತೆ ಹಾಕಿ. ಕಾಗದದ ಮೇಲೆ 3 ಮೀಟರ್ ಅಂದಾಗ ತಲೆಯಾಡಿಸುವವರು, ತಮ್ಮ ಅಂಗಡಿಯ ಮುಂದೆ ಬಿಳಿ ಗೆರೆ ಕಂಡಾಗ ಹೊರಗೆ ಬಂದು ಮಾತಾಡುತ್ತಾರೆ. ಒಬ್ಬರು ಟ್ರಾನ್ಸ್‌ಫಾರ್ಮರ್ ತೋರಿಸುತ್ತಾರೆ. ಇನ್ನೊಬ್ಬರು, ಇಲ್ಲಿ ಮಳೆಗಾಲದಲ್ಲಿ ಮೊಳಕಾಲುದ್ದ ನೀರು ನಿಲ್ಲುತ್ತೆ ಅನ್ನುತ್ತಾರೆ. ಮತ್ತೊಬ್ಬರು ಶಾಲೆ ವ್ಯಾನ್ ತಿರುಗುವ ಜಾಗ ಇದು ಅನ್ನುತ್ತಾರೆ. ಯಾವ ಡ್ರೋನ್ ಸರ್ವೆಯಲ್ಲೂ ಇದು ಸಿಗುವುದಿಲ್ಲ. ಒಂದೆರಡು ಭಾನುವಾರ ಬೆಳಗ್ಗೆ ಆ ಗೆರೆಯೊಳಗೆ ಗಾಡಿ ಬಿಡದೆ ನಡೆದು ನೋಡೋಣ, ಸೈಕಲ್ ಹೊಡೆದು ನೋಡೋಣ. ಗಾಲಿಕುರ್ಚಿಯವರನ್ನು ಕರೆದು ಅವರ ಹಿಂದೆ ಇಂಜಿನಿಯರ್ ನಡೆಯಲಿ. ಎಲ್ಲಿ ಗಾಲಿ ಸಿಕ್ಕಿಕೊಂಡಿತೋ ಅಲ್ಲಿ ಗುರುತು ಹಾಕಿಕೊಳ್ಳಲಿ.

ತಿಂಗಳಾದ ಮೇಲೆ ಬಂದ ಮಾತುಗಳನ್ನೆಲ್ಲ ಪಟ್ಟಿ ಮಾಡಿ ಹಾಕಿ. ಇದನ್ನು ಒಪ್ಪಿದೆವು, ಇದನ್ನು ಒಪ್ಪಲಿಲ್ಲ, ಕಾರಣ ಇದು ಅಂತ. ನಮ್ಮ ಮಾತು ಬಿದ್ದುಹೋದರೂ ಪರವಾಗಿಲ್ಲ, ಯಾಕೆ ಬಿತ್ತು ಅಂತ ಗೊತ್ತಾದರೆ ಸಾಕು. ಎಲ್ಲರ ಮಾತಿಗೂ ಒಂದೇ ತೂಕ ಕೊಡಿ ಅಂತಲೂ ನಾನು ಹೇಳುವುದಿಲ್ಲ. ಎರಡನೇ ಕಾರಿಗೆ ಪಾರ್ಕಿಂಗ್ ಕೇಳುವವರ ಮಾತಿಗಿಂತ, ನಡೆದೇ ಕಾಲೇಜಿಗೆ ಹೋಗಬೇಕಾದ ಹುಡುಗಿಯ ಮಾತು ತೂಕದ್ದು. ಈ ತೀರ್ಮಾನ ನೀವು ತೆಗೆದುಕೊಳ್ಳಬೇಕಾಗುತ್ತದೆ, ಬೈಸಿಕೊಳ್ಳಲೂ ಬೇಕಾಗುತ್ತದೆ.

ದುಡ್ಡಿನ ವಿಚಾರ ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ಸ್ಮಾರ್ಟ್ ಸಿಟಿ ಪಟ್ಟಿಗೆ ತುಮಕೂರು ಸೇರಿದ್ದು 2016ರಲ್ಲಿ. ಆ ಯೋಜನೆ ದೇಶಕ್ಕೇ 2025ರ ಮಾರ್ಚಿಗೆ ಮುಗಿಯಿತು. ಇನ್ನು ಮೇಲೆ ಕಟ್ಟಿದ್ದನ್ನು ಕಾಪಾಡುವ ಖರ್ಚು ನಮ್ಮ ಕಂದಾಯದಿಂದಲೇ ಬರಬೇಕು. ಹಾಗಾಗಿ ಹಾದಿಯ ಅಂದಾಜು ಪಟ್ಟಿಯಲ್ಲಿ ಗುಡಿಸುವವರು, ದೀಪ ಬದಲಿಸುವವರು, ಎದ್ದ ಚಪ್ಪಡಿ ಕೂರಿಸುವವರ ಸಂಬಳವೂ ಮೊದಲ ದಿನವೇ ಇರಲಿ. ಕಮಾನು ಮತ್ತು ಸೆಲ್ಫಿ ಪಾಯಿಂಟ್ ಇಲ್ಲದಿದ್ದರೂ ನಡೆಯುತ್ತದೆ.

ಊರಿನವರಿಗೂ ಒಂದು ಮಾತು. ಸಭೆ ಕರೆದಾಗ ಬನ್ನಿ. ಬಂದು ಬರೀ "ನಮ್ಮ ಬೀದಿ ಬೇಡ, ಪಕ್ಕದ ಬೀದಿಗೆ ಹಾಕಿ" ಅಂದರೆ ಹಾದಿ ಕೊನೆಗೆ ಊರ ಹೊರಗೆ, ಯಾರಿಗೂ ಬೇಡದ ಕಡೆ ಹೋಗಿ ಬೀಳುತ್ತದೆ. ನಿಮ್ಮ ಬೀದಿಯಲ್ಲಿ ಬರುವುದಾದರೆ ಏನು ಸರಿ ಮಾಡಿದರೆ ಒಪ್ಪುತ್ತೀರಿ ಅಂತ ಹೇಳಿ. ನಮ್ಮ ಮನೆಯ ಮುಂದಿನ ಇಳಿಜಾರಿನ ಬಗ್ಗೆ ಮನೆಯಲ್ಲಿ ಆಗಲೇ ಮಾತಾಗಿದೆ. ಒಡೆಯಲು ನಾವು ತಯಾರು.

ಆಯುಕ್ತರೇ, ಮೊದಲ ಸಭೆ ರೈಲ್ವೆ ಸ್ಟೇಷನ್ ಹತ್ತಿರ ಒಂದು ಭಾನುವಾರ ಸಂಜೆ ಇಟ್ಟರೆ ರೈಲಿನವರೂ ಸಿಗುತ್ತಾರೆ, ಮಕ್ಕಳೂ ಸಿಗುತ್ತಾರೆ. ತಾರೀಖು ಹದಿನೈದು ದಿನ ಮೊದಲೇ ತಿಳಿಸಿ. ವಾರ್ಡ್ ಆಫೀಸು, ಕಾಲೇಜುಗಳ ನೋಟಿಸ್ ಬೋರ್ಡು, ಮಾರ್ಕೆಟ್ಟಿನ ಬಾಗಿಲಲ್ಲಿ ಅಂಟಿಸಿ. ಕರಪತ್ರ ಹಂಚಲು, ಸುಣ್ಣ ಹಾಕಲು ನಮ್ಮ ಬೀದಿಯಿಂದ ಜನ ಬರುತ್ತೇವೆ.

ಇತಿ,
ತಮ್ಮ ವಿಶ್ವಾಸಿ,
ಎಸ್.ಎಸ್. ಪುರಂ ನಿವಾಸಿ, ತುಮಕೂರು